ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆ ವಾಸನೆ: ಗೀಸರ್ ಸರಿ ಮಾಡಿಸಿದ ಅನುಭವ

ನಮ್ಮ ಮನೆ ಉಡುಪಿಯ ಕೋಡಿಬೆಂಗ್ರೆ ಕಡೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ. ಬೇಸಿಗೆಯಲ್ಲಿ ಬಚ್ಚಲಿನ ಬಿಸಿನೀರು ನಾರತೊಡಗಿತು. "ಬಾವಿ ಹಾಳಾಗಿದೆ ಮಾರಾಯ್ರೆ" ಅಂದರು ಪಕ್ಕದ ಮನೆಯವರು. ಆದರೆ ತಣ್ಣೀರಿನ ನಲ್ಲಿಯಲ್ಲಿ ವಾಸನೆಯೇ ಇಲ್ಲ. ಮತ್ತೆ ಬಾವಿಯನ್ನು ಬೈದು ಏನು ಪ್ರಯೋಜನ, ಅಲ್ವಾ?

ಗೀಸರಿನ ಟ್ಯಾಂಕಿನೊಳಗೆ ತುಕ್ಕು ತಡೆಯಲು ಮೆಗ್ನೀಸಿಯಂ ಸರಳು ಇರುತ್ತದೆ. ಅದು ಸವೆಯುವಾಗ ಹೈಡ್ರೋಜನ್ ಬಿಡುತ್ತದೆ. ಉಪ್ಪುನೀರು ನುಗ್ಗುವ ಬಾವಿಯಲ್ಲಿ ಸಲ್ಫೇಟ್ ಜಾಸ್ತಿ. ಸಮುದ್ರದ ಒಂದು ಲೀಟರ್ ನೀರಿನಲ್ಲೇ ಸುಮಾರು 2.7 ಗ್ರಾಂ ಇರುತ್ತದೆ. ನಾವು ಆಮ್ಲಜನಕ ಬಳಸುವ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನು ಬಳಸುತ್ತವೆ. ಹೈಡ್ರೋಜನ್ ಅವುಗಳ ಊಟ, ಹೊರಗೆ ಬಿಡುವುದು ಹೈಡ್ರೋಜನ್ ಸಲ್ಫೈಡ್, ಅಂದರೆ ಆ ಕೊಳೆತ ಮೊಟ್ಟೆ ವಾಸನೆಯ ಅನಿಲ. ಹೊಳೆ ಬದಿಯ ಕಾಂಡ್ಲಾ ಗಿಡಗಳ ಕಪ್ಪು ಕೆಸರು ತುಳಿದಾಗ ಮೂಗಿಗೆ ಬಡಿಯುವುದೂ ಇದೇ. ಕರೆಂಟ್ ಉಳಿಸಲು ಬೆಚ್ಚಗೆ ಮಾತ್ರ ಇಟ್ಟ ಟ್ಯಾಂಕಿನಲ್ಲಿ ಅವು ಹಾಯಾಗಿರುತ್ತವೆ.

ಪ್ಲಂಬರ್ ಬಂದು ಕರೆಂಟ್ ತೆಗೆದು ಟ್ಯಾಂಕ್ ಖಾಲಿ ಮಾಡಿದರು. ಸರಳು ಅರ್ಧ ಸವೆದಿತ್ತು, ಮೈತುಂಬ ಕಪ್ಪು ಲೋಳೆ. ಅದರ ಬದಲು ಅಲ್ಯೂಮಿನಿಯಂ-ಸತುವಿನ ಸರಳು ಹಾಕಿಸಿದೆ. ಸುಮ್ನೆ ತೆಗೆದು ಬಿಡಬೇಡಿ, ಟ್ಯಾಂಕಿಗೇ ತುಕ್ಕು ಹಿಡಿಯುತ್ತದೆ. ಆಮೇಲೆ ಥರ್ಮೋಸ್ಟಾಟ್ 65 ಡಿಗ್ರಿಗೆ ಏರಿಸಿ, ಕೆಲವು ಗಂಟೆ ಬಿಟ್ಟು, ಆ ನೀರನ್ನೆಲ್ಲ ಹರಿಯಬಿಟ್ಟೆವು. ಮೈ ಸುಡುವ ಬಿಸಿ ಅದು, ಮಕ್ಕಳನ್ನು ದೂರ ಇಡಿ.

ವಾಸನೆ ಹೋಯಿತು. ನಿಮ್ಮಲ್ಲಿ ತಣ್ಣೀರೂ ನಾರುತ್ತಿದ್ದರೆ ಗೀಸರ್ ಬಿಚ್ಚಿಸಬೇಡಿ, ಮೊದಲು ಬಾವಿಗೆ ಕ್ಲೋರಿನ್ ಹಾಕಿಸಿ ನೋಡಿ.