ಹಳದಿ ಬೋರ್ಡಿನ ಸಮಯ ದುಪ್ಪಟ್ಟು ಮಾಡಿ: ಮಕ್ಕಳ ಜೊತೆ ಆಲ್ಪ್ಸ್‌ನಲ್ಲಿ ಒಂದು ವಾರ

ಜುಲೈ ತಿಂಗಳಲ್ಲಿ ಒಂದು ವಾರ ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಯಲ್ಲಿದ್ದೆವು. ನಾನು, ನನ್ನ ಗಂಡ, ಎಂಟು ವರ್ಷದ ಮಗಳು, ನಾಲ್ಕು ತುಂಬಿದ ಮಗ. ಅಡುಗೆಮನೆ ಇರುವ ಸಣ್ಣ ಫ್ಲಾಟ್ ಹಿಡಿದಿದ್ದೆವು. ರೈಲಿನಲ್ಲಿ ಯುಂಗ್‌ಫ್ರೌಯೋಖ್ ತನಕ ಹೋಗಿ, ಹಿಮದಲ್ಲಿ ಫೋಟೋ ತೆಗೆಸಿಕೊಂಡು ಬರುವ ಯೋಚನೆ ಈ ಸಲ ಇರಲಿಲ್ಲ. ದಿನಾ ಬೆಟ್ಟದಲ್ಲಿ ನಡೆಯಬೇಕು, ಮಕ್ಕಳೂ ತಮ್ಮ ಕಾಲಲ್ಲೇ ನಡೆಯಬೇಕು. ಇಷ್ಟೇ ಆಸೆ.

ಮೊದಲ ದಿನವೇ ಎಡವಟ್ಟಾಯಿತು. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ಆಮೇಲೆ ನಾವು ಮಾಡಿದ್ದೆಲ್ಲ ಆ ದಿನ ಕಲಿತದ್ದರಿಂದಲೇ.

ಲೌಟರ್‌ಬ್ರುನೆನ್‌ನಿಂದ ರೈಲು ಹತ್ತಿ ವೆಂಗೆನ್ ಊರಿಗೆ ಹೋದೆವು. ಅದು ಕಾರುಗಳಿಲ್ಲದ ಊರು, 1274 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೇಬಲ್ ಕಾರು ಕೆಲವೇ ನಿಮಿಷದಲ್ಲಿ ಮೆನ್ಲಿಖೆನ್‌ಗೆ, ಅಂದರೆ 2200 ಮೀಟರ್ ದಾಟಿದ ಬೆಟ್ಟದ ಬೆನ್ನಿಗೆ ಕರೆದೊಯ್ಯಿತು. ಹತ್ತೋದು ತಾನೇ ಕಷ್ಟ, ಇಳಿಯೋದು ಸುಲಭ ಅಲ್ವಾ ಅಂದುಕೊಂಡು, ನಡೆದೇ ವೆಂಗೆನ್‌ಗೆ ಇಳಿಯಲು ಹೊರಟೆವು. ಬೋರ್ಡ್ ನೋಡಿದರೆ ಎರಡು ಗಂಟೆ ಆಸುಪಾಸಿನ ದಾರಿ. ಆದರೆ ಅಷ್ಟರಲ್ಲೇ ಸುಮಾರು 950 ಮೀಟರ್ ಇಳಿಯಬೇಕು. ಹಿಮಕುಸಿತ ತಡೆಯಲು ಹಾಕಿರುವ ಕಬ್ಬಿಣದ ಬೇಲಿಗಳ ನಡುವೆ, ಕಡಿದಾದ ಇಳಿಜಾರಿನಲ್ಲಿ ದಾರಿ ಹಾವಿನ ಹಾಗೆ ತಿರುತಿರುಗಿ ಹೋಗುತ್ತದೆ. ಕಾಲಡಿ ಸಡಿಲ ಜಲ್ಲಿ. ಅರ್ಧ ಗಂಟೆಗೆ ಮಗಳ ಮಂಡಿ ನಡುಗಲು ಶುರುವಾಯಿತು. ಮಗ ಎರಡು ಸಲ ಜಾರಿ ಕುಕ್ಕರಿಸಿದ. ಮೂರನೇ ಸಲ ಬಿದ್ದವನು ಏಳಲೇ ಇಲ್ಲ, ಅಲ್ಲೇ ಕೂತು ಅತ್ತ. ಮಗುವನ್ನು ಬೆನ್ನಿಗೆ ಹೊರುವ ಚೀಲ ಫ್ಲಾಟಿನಲ್ಲೇ ಉಳಿದಿತ್ತು. ಹದಿನಾರು ಕಿಲೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಜಲ್ಲಿಯಲ್ಲಿ ಇಳಿಯುವಾಗ ನನ್ನ ಗಂಡನ ಕಾಲು ಒಮ್ಮೆ ಜಾರಿತು. ಏನೂ ಆಗಲಿಲ್ಲ. ಆದರೆ ಆ ಕ್ಷಣ ನನ್ನ ಎದೆ ಹೊಡೆದುಕೊಂಡಿದ್ದು ಈಗಲೂ ನೆನಪಿದೆ. ಕೆಳಗೆ ಮುಟ್ಟುವಾಗ ಹೊರಟು ನಾಲ್ಕೂವರೆ ಗಂಟೆ ಕಳೆದಿತ್ತು.

ರಾತ್ರಿ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ಎಲ್ಲಿ ತಪ್ಪಿದೆವು ಅಂತ ನೋಡಿದೆವು.

ಸ್ವಿಟ್ಜರ್ಲೆಂಡಿನ ನಡಿಗೆ ದಾರಿಗಳ ಬೋರ್ಡು ಹಳದಿ. ಅದರಲ್ಲಿ ಇರೋದು ಕಿಲೋಮೀಟರ್ ಅಲ್ಲ, ಸಮಯ. ಗಂಟೆಗೆ 4.2 ಕಿಲೋಮೀಟರ್ ಸಮತಟ್ಟು ದಾರಿಯಲ್ಲಿ ನಡೆಯುವ ದೊಡ್ಡವರ ಲೆಕ್ಕ ಅದು. ಏರಿಳಿತಕ್ಕೆ ತಕ್ಕ ಹಾಗೆ ಸಮಯ ಬದಲಾಗುತ್ತದೆ, ನಿಜ. ಆದರೆ ನಿಲ್ಲುವ ಹೊತ್ತು ಅದರಲ್ಲಿ ಸೇರಿಲ್ಲ. ನಾಲ್ಕು ವರ್ಷದ ಮಗುವಿಗೆ ನಿಲ್ಲೋದೇ ನಡಿಗೆ! ಇನ್ನು ದಾರಿಯ ದರ್ಜೆ. ಬರೀ ಹಳದಿ ಗುರುತಿದ್ದರೆ ಸಾಧಾರಣ ದಾರಿ, ವಿಶೇಷ ತಯಾರಿ ಬೇಡ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ. ಕಡಿದು, ಇಕ್ಕಟ್ಟು, ಕೆಲವು ಕಡೆ ಪಕ್ಕದಲ್ಲೇ ಪ್ರಪಾತ ಇರಬಹುದು. ಗಟ್ಟಿ ಶೂ, ತಲೆ ಸುತ್ತದ ಮನುಷ್ಯ ಎರಡೂ ಬೇಕು. ಬಿಳಿ-ನೀಲಿ-ಬಿಳಿ ಅಂದರೆ ಹಗ್ಗ ಹಿಡಿಯಲು ಬರುವವರ ದಾರಿ, ಅದರ ಮಾತೇ ಬೇಡ. ಆ ದಿನ ನಾವು ಇಳಿದದ್ದು ಎರಡನೆಯ ಬಗೆಯ ದಾರಿ. ಪಟ್ಟೆ ಕಣ್ಣಿಗೆ ಬಿದ್ದಿತ್ತು, ಅರ್ಥ ಗೊತ್ತಿರಲಿಲ್ಲ.

ಆ ರಾತ್ರಿ ತೀರ್ಮಾನ ಮಾಡಿದೆವು: ಬೋರ್ಡಿನ ಸಮಯ ಎಷ್ಟೇ ಇರಲಿ, ಎರಡರಿಂದ ಗುಣಿಸಬೇಕು. ಏರೋದು ಮಾತ್ರವಲ್ಲ, ಇಳಿಯೋದಕ್ಕೂ ಯಂತ್ರವನ್ನೇ ನಂಬಬೇಕು. ನಮ್ಮ ಕಾಲು ಎತ್ತರದಲ್ಲಿ ಅಡ್ಡಡ್ಡ ನಡೆಯಲಿಕ್ಕೆ. ದಾರಿ ನಡುವೆ ಎಲ್ಲಾದರೂ ಒಂದು ಕಡೆ ಸಾಕು ಅಂತ ರೈಲು ಹತ್ತಲು ಆಗಬೇಕು. ಬೆನ್ನಿನ ಚೀಲ ಯಾವತ್ತೂ ಜೊತೆಗಿರಬೇಕು, ಮಗ ಅದರಲ್ಲಿ ಕೂರಲಿ ಬಿಡಲಿ.

ಮಾರನೇ ದಿನ ಜಿಟಿಜಿಟಿ ಮಳೆ. ಮಕ್ಕಳ ಕಾಲಿಗೂ ವಿಶ್ರಾಂತಿ ಬೇಕಿತ್ತು. ಕಣಿವೆಯ ತಳದಲ್ಲೇ ಹೊಳೆಯ ಪಕ್ಕ ಶ್ಟೆಖೆಲ್‌ಬೆರ್ಗ್ ಕಡೆ ನಡೆದೆವು. ಪೂರ್ತಿ ಸಮತಟ್ಟು ದಾರಿ. ಊರ ಅಂಚಿನಲ್ಲೇ ಶ್ಟೌಬ್‌ಬಾಖ್ ಜಲಪಾತ ಸುಮಾರು 300 ಮೀಟರ್ ಮೇಲಿಂದ ಬೀಳುತ್ತದೆ. ನೀರು ನೆಲ ಮುಟ್ಟುವ ಮೊದಲೇ ಧೂಳಿನ ಹಾಗೆ ಚದುರುತ್ತದೆ. ಅದರ ಹೆಸರಿನ ಅರ್ಥವೂ ಧೂಳಿನ ತೊರೆ ಅಂತಲೇ. ಸಾಕಾದಲ್ಲಿ ಹಳದಿ ಪೋಸ್ಟ್ ಬಸ್ ಹತ್ತಿ ವಾಪಸ್ ಬಂದೆವು.

ಮೂರನೇ ದಿನ ನಾವು ಆರಿಸಿದ ದಾರಿ ಇಡೀ ವಾರದಲ್ಲೇ ನನಗೆ ಅಚ್ಚುಮೆಚ್ಚು. ಲೌಟರ್‌ಬ್ರುನೆನ್‌ನಿಂದ ಕೇಬಲ್ ಕಾರಿನಲ್ಲಿ ಗ್ರುಟ್ಶಾಲ್ಪ್‌ಗೆ ಏರಿ, ಅಲ್ಲಿಂದ ಮ್ಯೂರೆನ್ ಊರಿಗೆ ನಡಿಗೆ. ನಾಲ್ಕೂವರೆ ಕಿಲೋಮೀಟರ್ ಆಸುಪಾಸು, ಏರೋದು 150 ಮೀಟರ್ ಅಷ್ಟೇ. ದಾರಿಯ ಪಕ್ಕಕ್ಕೇ ಒಂದು ಪುಟ್ಟ ರೈಲು ಓಡಾಡುತ್ತದೆ. 1891ರಿಂದ ಇದೆಯಂತೆ. ನಡುವೆ ವಿಂಟರೆಗ್ ಅನ್ನುವ ನಿಲ್ದಾಣದಲ್ಲಿ ಆಟದ ಬಯಲು, ಊಟದ ಜಾಗ ಎರಡೂ ಇವೆ. ಮಗುವಿಗೆ ಸಾಕಾದರೆ ಅಲ್ಲೇ ರೈಲು ಹತ್ತಬಹುದು. ಈ ಒಂದು ಧೈರ್ಯ ಇದ್ದರೆ ಅಪ್ಪ ಅಮ್ಮ ಗದರೋದೇ ಕಡಿಮೆಯಾಗುತ್ತದೆ.

ಹಿಂದಿನ ದಿನದ ಮಳೆಗೆ ಕಾಡಿನ ನೆಲ ಒದ್ದೆಯಾಗಿತ್ತು. ಮಗ ಇದ್ದಕ್ಕಿದ್ದಂತೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಏನೋ ಅಂತ ಬಗ್ಗಿ ನೋಡಿದರೆ ಮೈಯೆಲ್ಲ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು ಪ್ರಾಣಿ. ಹಲ್ಲಿಯ ಆಕಾರ, ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಬದಿಗಳಲ್ಲಿ ಸಾಲಾಗಿ ಗುಬುಟು. ಆಲ್ಪ್ಸ್‌ನ ಕಪ್ಪು ಸಾಲಮಾಂಡರ್! ಕಪ್ಪೆಯ ಬಳಗಕ್ಕೆ ಸೇರಿದ್ದು, ಆದರೆ ನೀರಲ್ಲಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಗಲಲ್ಲಿ ಹೆಚ್ಚಾಗಿ ಮಳೆ ಬಂದು ನೆಲ ಒದ್ದೆಯಾದಾಗಲೇ ಹೊರಗೆ ಬರೋದು. ಅದು ಒಂದು ಕಾಲು ಎತ್ತಿಡುತ್ತದೆ, ಯೋಚಿಸುತ್ತದೆ, ಇನ್ನೊಂದು ಎತ್ತಿಡುತ್ತದೆ. ಮುಟ್ಟಬೇಡ ಅಂದೆ, ಅವನು ಮುಟ್ಟಲಿಲ್ಲ. ಅದು ದಾರಿ ದಾಟಿ ಹುಲ್ಲಿನೊಳಗೆ ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾವು ನಾಲ್ಕು ಜನ ಅಲ್ಲೇ ಕೂತಿದ್ದೆವು. ಎದುರಿಗೆ ಕಣಿವೆಯಾಚೆ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳು ಮೋಡದಿಂದ ಹೊರಗೆ ಬಂದಿದ್ದವು. ಮಗ ತಲೆ ಎತ್ತಿ ನೋಡಲೇ ಇಲ್ಲ. ನೋಡು ನೋಡು ಅಂತ ನಾನೂ ಒತ್ತಾಯ ಮಾಡಲಿಲ್ಲ. ಅವನ ಆಲ್ಪ್ಸ್ ಅವನ ಮುಂದೆಯೇ ಇತ್ತು.

ಮಗಳಿಗೆ ಬೇರೆ ಕೆಲಸ ಹಚ್ಚಿದ್ದೆವು. ಮುಂದಿನ ಗುರುತು ಹುಡುಕುವವಳು ಅವಳೇ. ಬಂಡೆ ಮೇಲೋ ಮರದ ಮೇಲೋ ಬಣ್ಣದ ಗುರುತು ಕಂಡ ಕೂಡಲೇ ಕೂಗಬೇಕು, ನಾವು ಬರುವ ತನಕ ಅಲ್ಲೇ ನಿಲ್ಲಬೇಕು. ಓಡಿ ಮುಂದೆ ಹೋಗಿಬಿಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಹುಲ್ಲುಗಾವಲಿನ ಗೇಟು ಮುಚ್ಚುವುದೂ ಅವಳ ಪಾಲಿಗೇ. ವಿದ್ಯುತ್ ಬೇಲಿಯ ತಂತಿಗೆ ಒಂದು ಪ್ಲಾಸ್ಟಿಕ್ ಹಿಡಿ ಇರುತ್ತದೆ. ಹಿಡಿಯನ್ನಷ್ಟೇ ಹಿಡಿದು ಕೊಕ್ಕೆ ಬಿಚ್ಚಬೇಕು, ಎಲ್ಲರೂ ದಾಟಿದ ಮೇಲೆ ಮತ್ತೆ ಸಿಕ್ಕಿಸಬೇಕು. ಎರಡು ಸಲ ನಾವು ಮಾಡಿ ತೋರಿಸಿದೆವು, ಆಮೇಲೆ ಪಕ್ಕದಲ್ಲಿ ನಿಂತು ಮಾಡಿಸಿದೆವು.

ಹಸುಗಳ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಕೊರಳ ಗಂಟೆ ಕೇಳಿದರೆ ಮಕ್ಕಳಿಗೆ ಓಡಿ ಹೋಗಿ ಮುಟ್ಟುವ ಆಸೆ. ಕರು ಜೊತೆಗಿರುವ ತಾಯಿ ಹಸು ಅಲ್ಲಿ ಬಯಲಲ್ಲಿ ಬಿಡುಬೀಸಾಗಿ ಇರುತ್ತದೆ, ಕರುವಿನ ಹತ್ತಿರ ಯಾರು ಬಂದರೂ ಸಹಿಸುವುದಿಲ್ಲ. ಎಚ್ಚರಿಕೆಯ ಬೋರ್ಡುಗಳೂ ಇವೆ. ಒಂದು ಕಡೆ ದಾರಿಯ ಮೇಲೆಯೇ ಹಿಂಡು ಮಲಗಿತ್ತು. ಸದ್ದು ಮಾಡದೆ, ದೂರದಿಂದ ಸುತ್ತುಹಾಕಿ ಹೋದೆವು. ಹತ್ತು ನಿಮಿಷ ತಡವಾಯಿತು, ಅಷ್ಟೇ.

ಊಟ ತಿಂಡಿಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೆಟ್ಟದ ಮೇಲಿನ ಹೋಟೆಲುಗಳು ದುಬಾರಿ. ಹಾಗಾಗಿ ಕಣಿವೆಯ ಅಂಗಡಿಯಿಂದಲೇ ಬ್ರೆಡ್ಡು, ಚೀಸ್, ಕ್ಯಾರೆಟ್, ಸೇಬು, ಚಾಕಲೇಟು ಒಯ್ಯುತ್ತಿದ್ದೆವು. ಹಸಿವಾಗುತ್ತೆ ಅಂತ ಮಗು ಹೇಳುವ ಮೊದಲೇ ಕೊಡಬೇಕು. ಹೇಳಿದ ಮೇಲೆ ಕೊಟ್ಟರೆ ಅಷ್ಟರಲ್ಲಿ ಅಳು ಬಂದಿರುತ್ತದೆ. ಊರುಗಳಲ್ಲಿ ಮರದ ದೋಣಿಯಂಥ ತೊಟ್ಟಿಗೆ ಬೀಳುವ ನಲ್ಲಿ ನೀರು ಕುಡಿಯಬಹುದು. ‘ಕೈನ್ ಟ್ರಿಂಕ್‌ವಾಸರ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬಾರದು.

ಬಟ್ಟೆಯಲ್ಲಿ ಉಳಿತಾಯ ಮಾಡಬೇಡಿ. ಪ್ರತಿ ಸಾವಿರ ಮೀಟರಿಗೆ ಆರು ಡಿಗ್ರಿಯಷ್ಟು ಚಳಿ ಏರುತ್ತದೆ. ಕೆಳಗೆ ಅಂಗಿಯಲ್ಲೇ ಸೆಕೆ ಅನಿಸುತ್ತಿದ್ದರೂ ಮೇಲೆ ಗಾಳಿ ಬಂದರೆ ಸ್ವೆಟರ್ ಬೇಕೇ ಬೇಕು. ಅಷ್ಟೇ ಎತ್ತರಕ್ಕೆ ಬಿಸಿಲಿನ ಅತಿನೇರಳೆ ಕಿರಣ ಸುಮಾರು ಶೇ. 10 ಹೆಚ್ಚುತ್ತದೆ. ತಣ್ಣಗಿದೆ ಅಂತ ನಂಬಿ ಕ್ರೀಮು ಹಚ್ಚದೆ ಬಿಟ್ಟರೆ ಸಂಜೆ ಮಕ್ಕಳ ಕಿವಿ ಕೆಂಪಗೆ ಉರಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಅದಕ್ಕೇ ಬೆಳಿಗ್ಗೆ ಮೊದಲ ಕೇಬಲ್ ಕಾರಿಗೇ ಹೊರಟು, ಮಧ್ಯಾಹ್ನ ಎರಡು ಗಂಟೆಯ ಒಳಗೆ ಬೆಟ್ಟದ ಬೆನ್ನು ಬಿಟ್ಟು ಇಳಿಯುತ್ತಿದ್ದೆವು. ಕೊನೆಯ ಕೇಬಲ್ ಕಾರು ಎಷ್ಟು ಹೊತ್ತಿಗೆ ಅಂತ ಹತ್ತುವ ಮೊದಲೇ ಬೋರ್ಡಿನ ಫೋಟೋ ತೆಗೆದುಕೊಳ್ಳೋದು ನನ್ನ ಅಭ್ಯಾಸ. ಬೆಟ್ಟದಲ್ಲಿ ಏನಾದರೂ ಆದರೆ ರೇಗಾ ಅನ್ನುವ ರಕ್ಷಣಾ ಹೆಲಿಕಾಪ್ಟರ್ ಸೇವೆಯ ನಂಬರು 1414, ಇಲ್ಲವೇ 112. ನಿಮ್ಮ ಪ್ರಯಾಣ ವಿಮೆಯಲ್ಲಿ ಬೆಟ್ಟದ ರಕ್ಷಣೆ ಸೇರಿದೆಯಾ ಅಂತ ಹೊರಡುವ ಮೊದಲೇ ಓದಿ ನೋಡಿ.

ಇಷ್ಟು ತಯಾರಿ ಇದ್ದರೂ ಬೇಡ ಅನ್ನಬೇಕಾದ ಹೊತ್ತು ಬರುತ್ತದೆ. ಐದನೇ ದಿನ ಕಾಂಡರ್‌ಸ್ಟೆಗ್ ಊರಿನ ಮೇಲಿರುವ ಓಶಿನೆನ್‌ಸೇ ಕೆರೆಗೆ ಹೋಗಿದ್ದೆವು. ಗೊಂಡೋಲಾ ಕೇಬಲ್ ಕಾರಿನಿಂದ ಇಳಿದು ಅರ್ಧ ಗಂಟೆ ನಡೆದರೆ ಸಾಕು, ಸುತ್ತಲೂ ಬಂಡೆಗೋಡೆ, ನಡುವೆ ಹಸಿರು ನೀಲಿ ನೀರು. ಕೆರೆಯ ಮೇಲ್ಗಡೆ ಹೊಯ್‌ಬೆರ್ಗ್ ಕಡೆಯಿಂದ ಹಾಯುವ ದಾರಿಯ ಫೋಟೋ ಎಲ್ಲ ಕಡೆ ಕಾಣುತ್ತದೆ. ಮಗಳಿಗೆ ಅಲ್ಲಿಗೇ ಹೋಗಬೇಕು. ಆ ದಾರಿಯಲ್ಲಿ ಕೆಲವು ಕಡೆ ಕೆರೆಯ ಬದಿಗೆ ನೇರ ಇಳಿಜಾರು. ಅವಳೊಬ್ಬಳಾದರೆ ಕೈ ಹಿಡಿದು ಹೋಗಬಹುದಿತ್ತೇನೋ. ಮಗನ ಜೊತೆ ಆಗದು ಅಂದೆ. ಅವಳು ಅರ್ಧ ಗಂಟೆ ಮಾತು ಬಿಟ್ಟಳು. ನನಗೂ ಬೇಜಾರಾಯಿತು, ಆದರೆ ಮನಸ್ಸು ಬದಲಾಯಿಸಲಿಲ್ಲ. ಅಲ್ಲೇ ದಡದಲ್ಲಿ ಚಪ್ಪಟೆ ಕಲ್ಲು ಆರಿಸಿ ನೀರ ಮೇಲೆ ಎಸೆಯುತ್ತಾ ಕೂತೆವು. ಅವಳ ಕಲ್ಲು ಐದು ಸಲ ಪುಟಿದಾಗ ಮಾತು ವಾಪಸ್ ಬಂತು. ಓಶಿನೆನ್‌ಸೇ ಹತ್ತಿರ ಬಂಡೆ ಉರುಳುವ ಅಪಾಯದಿಂದ ಮುಚ್ಚಿದ ದಾರಿಗಳೂ ಇವೆ. ‘ಗೆಶ್ಪೆರ್ಟ್’ ಅಂತ ಬೋರ್ಡ್ ಕಂಡರೆ ಮುಚ್ಚಿದೆ ಅಂತಲೇ ಅರ್ಥ, ಯಾರೋ ದಾಟಿ ಹೋದರು ಅಂತ ಹೋಗಬಾರದು.

ಕೊನೆಯ ದಿನ ಮತ್ತೆ ಮೆನ್ಲಿಖೆನ್. ಮಗಳು ಮೊದಲು ಒಲ್ಲೆ ಅಂದಳು. ಇಳಿಯೋದಿಲ್ಲ, ಆ ಕಡೆ ಅಡ್ಡ ನಡೆಯೋದು ಅಂತ ಮ್ಯಾಪ್ ತೋರಿಸಿದ ಮೇಲೆ ಒಪ್ಪಿದಳು. ಮೆನ್ಲಿಖೆನ್‌ನಿಂದ 2061 ಮೀಟರ್ ಎತ್ತರದ ಕ್ಲೈನೆ ಶೈಡೆಗ್‌ಗೆ ನಾಲ್ಕೂವರೆ ಕಿಲೋಮೀಟರ್ ದಾರಿ. ಅಗಲವಾಗಿದೆ, ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಹೊರಡುವ ಮೊದಲು ದೊಡ್ಡ ಮರದ ಹಸು ಇರುವ ಆಟದ ಬಯಲಲ್ಲಿ ಒಂದು ಗಂಟೆ. ಆಮೇಲೆ ನಡಿಗೆ. ಎದುರಿಗೆ ಐಗರ್‌ನ ಉತ್ತರದ ಗೋಡೆ ಹತ್ತಿರ ಹತ್ತಿರ ಬರುತ್ತದೆ. 1938ರಲ್ಲಿ ನಾಲ್ಕು ಜನ ಮೊದಲ ಸಲ ಅದನ್ನು ಏರಿದರು. ಅದರ ಹೊಟ್ಟೆಯೊಳಗೇ ಸುರಂಗ ಕೊರೆದು 1912ರಿಂದ ಯುಂಗ್‌ಫ್ರೌಯೋಖ್ ತನಕ ರೈಲು ಓಡುತ್ತಿದೆ ಅಂದಾಗ ಮಗಳು ನಿಂತು ಆ ಗೋಡೆಯಲ್ಲಿ ಕಿಟಕಿ ಹುಡುಕಿದಳು. ಮಗ ದಾರಿ ಪಕ್ಕದ ಒಂದು ಬಿಲದ ಮುಂದೆ ಮಾರ್ಮಟ್‌ಗಾಗಿ, ಅಂದರೆ ಅಳಿಲಿನ ಬಳಗದ ದಪ್ಪ ಪ್ರಾಣಿಗಾಗಿ ಕಾದ. ಸೀಟಿಯಂಥ ಅದರ ಕೂಗು ಕೇಳಿತು, ಪ್ರಾಣಿ ಕಾಣಲಿಲ್ಲ. ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಚೀಲದಲ್ಲಿ ಅವನು ಕೂತಿದ್ದು ಒಂದೇ ಸಲ, ಅದೂ ಹತ್ತು ನಿಮಿಷ.

ಕ್ಲೈನೆ ಶೈಡೆಗ್ ನಿಲ್ದಾಣದಲ್ಲಿ ಕೆಳಗೆ ಹೋಗುವ ರೈಲು ಕಾಯುತ್ತಿತ್ತು. ನಾನು ಟಿಕೆಟ್ ಹುಡುಕುತ್ತಿದ್ದೆ. ಮಗಳು ಹಳದಿ ಬೋರ್ಡಿನ ಕೆಳಗೆ ನಿಂತು, ಬೆರಳಿಟ್ಟು ಓದುತ್ತಿದ್ದಳು.

“ಅಮ್ಮಾ, ಮುಂದಿನ ಸ್ಟೇಷನ್ ವೆಂಗರ್ನಾಲ್ಪ್. ಒಂದು ಗಂಟೆ ಒಳಗೇ ಇದೆ. ಅಂದ್ರೆ ನಮಗೆ ಎರಡು ಗಂಟೆ.” ಪಶ್ಚಿಮದ ಕಡೆ ತಿರುಗಿ ಆಕಾಶ ನೋಡಿದಳು. “ಮೋಡ ಇಲ್ಲ. ಅಲ್ಲಿಂದಲೂ ರೈಲು ಇದೆ. ಹೋಗೋಣ್ವಾ?”

ಅವಳ ತಮ್ಮನ ಕಡೆ ನೋಡಿದೆ. ಅವನು ಆಗಲೇ ಆ ದಾರಿ ಹಿಡಿದಿದ್ದ.