ಜಂಗಲ್ ಕೋರ್ಸಿಗೆ ಹೊರಟಿದ್ದೀರಾ? ಮೊದಲು ಕಾಲು ನೋಡಿಕೊಳ್ಳಿ

ಬೈಲಹೊಂಗಲ, ಖಾನಾಪುರ ಕಡೆ ಬೆಳಗ್ಗೆ ಐದಕ್ಕೆ ಎದ್ದು ರಸ್ತೆಗೆ ಬನ್ನಿ, ಭರ್ತಿಗೆ ಓಡುವ ಹುಡುಗರು ಸಿಗುತ್ತಾರೆ. 1922ರಿಂದ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇದೆ, ಸೇನೆಯ ಕಮಾಂಡೋ ಶಾಲೆಯೂ ಇಲ್ಲೇ ಇದೆ, ಹಾಗಾಗಿ ಭರ್ತಿ ಆಗೋದು ಹೇಗೆ ಅಂತ ಹೇಳಿಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಆಮೇಲೆ ಜಂಗಲ್ ಕೋರ್ಸ್, ಅಂದರೆ ಕಾಡಿನ ತರಬೇತಿ ಅಂತ ನಾಲ್ಕು ದಿನ ಕಾಡಿನಲ್ಲಿ ಬಿಟ್ಟರೆ ಏನು ಮಾಡಬೇಕು? ಅದನ್ನು ಯಾರೂ ಹೇಳುವುದಿಲ್ಲ. ರಜೆಗೆ ಬಂದ ಹುಡುಗರು "ಕಾಕಾ, ದಿನಾ ಎಷ್ಟು ಪುಶ್‌ಅಪ್ ಹೊಡೀಬೇಕು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುತ್ತೇನೆ, ಸಾಕ್ಸ್ ಎಷ್ಟು ಜೊತೆ ಇವೆ?

ನಗಬೇಡಿ. ನನ್ನ ಮೊದಲ ಕೋರ್ಸಿಗೆ ಹೊಸ ಬೂಟು ಹಾಕಿಕೊಂಡು ಹೋಗಿದ್ದೆ. ಹನ್ನೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಹಿಮ್ಮಡಿಯ ಚರ್ಮ ಕಿತ್ತು ಸಾಕ್ಸಿಗೆ ಅಂಟಿತ್ತು. ರಟ್ಟೆಯಲ್ಲಿ ಶಕ್ತಿ ಇತ್ತು, ಎದೆಯಲ್ಲಿ ದಮ್ಮಿತ್ತು, ಕಾಲೇ ಇರಲಿಲ್ಲ.

ಅದಕ್ಕೇ ಕೋರ್ಸಿಗೆ ಎರಡು ತಿಂಗಳು ಮೊದಲೇ ಬೂಟು ಪಳಗಿಸಿ. ಮೊದಲ ವಾರ ಮೂರು ಕಿಲೋಮೀಟರ್ ಬರಿ ನಡಿಗೆ, ಆಮೇಲೆ ಐದು ಕಿಲೋ ಭಾರ, ವಾರವಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಭಾರದ ಸಾಮಾನು ಬೆನ್ನಿಗೆ ತಾಗಿ, ಹೆಗಲ ಹತ್ತಿರ ಇರಲಿ, ಕೆಳಗೆ ಜೋತುಬಿದ್ದರೆ ಸೊಂಟ ಹೋಗುತ್ತದೆ. ಉಗುರು ನೇರವಾಗಿ ಕತ್ತರಿಸಿ. ನಡೆಯುವಾಗ ಒಂದು ಕಡೆ ಬಿಸಿಬಿಸಿ ಉರಿಯಲು ಶುರುವಾದರೆ ಆಗಲೇ ಟೇಪ್ ಹಚ್ಚಬೇಕು, ಗುಳ್ಳೆ ಎದ್ದ ಮೇಲೆ ಹಚ್ಚಿ ಏನು ಪ್ರಯೋಜನ? ಎಲ್ಲರೂ ಬೀಡಿ ಹಚ್ಚುವ ಹೊತ್ತಿನಲ್ಲಿ ನೀವು ಬೂಟು ಬಿಚ್ಚಿ, ಬೆರಳ ಸಂದಿ ಒರೆಸಿ, ಪೌಡರ್ ಹಾಕಿ. ಗೆಳೆಯರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆಯಂಥ ಕಾಡಾದರೆ ಜಿಗಣೆ ಗ್ಯಾರಂಟಿ. ಹತ್ತಿದ್ದನ್ನು ಬೀಡಿಯಿಂದ ಸುಡಬೇಡಿ, ಬಾಯಿ ಕಚ್ಚಿದ ಜಾಗದಲ್ಲಿ ಉಗುರು ಜಾರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಹೋಗುತ್ತದೆ, ಗಾಬರಿ ಬೇಡ.

ಇನ್ನು ನೀರು. ಹಳ್ಳದ ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಮೇಲೆಲ್ಲೋ ಎಮ್ಮೆ ಬಿದ್ದುಕೊಂಡಿರಬಹುದು ಅಲ್ವಾ? ಬಟ್ಟೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷ ಕುದಿಸಿ. ಬೆಂಕಿಗೆ ಪರವಾನಗಿ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಬರೀ ನೀರು ಕೊಡಗಟ್ಟಲೆ ಕುಡಿದರೂ ಅಪಾಯವೇ, ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಣ್ಣ ಚಹಾ ಚಮಚದಲ್ಲಿ. ಬಿಸಿಲು ನಮಗೇನು ಹೊಸದಾ ಅನ್ನುವ ವಿಜಯಪುರ, ಬಾಗಲಕೋಟೆಯ ತಮ್ಮಂದಿರಿಗೆ ಒಂದು ಮಾತು: ವರ್ಷವಿಡೀ ತಂಪು ಜಾಗದಲ್ಲಿ ಡ್ಯೂಟಿ ಮಾಡಿ ಬಂದರೆ ಮೈಗೆ ಆ ರೂಢಿ ತಪ್ಪಿರುತ್ತದೆ, ಮತ್ತೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ತರಬೇತಿ ಕೊಡುವ ಉಸ್ತಾದರಿಗೆ ಹೇಳಿಬಿಡಿ. ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ ಬೀಳುತ್ತದೆ ಅಂತ ಮುಚ್ಚಿಟ್ಟರೆ ಕಿಡ್ನಿಗೆ ಬರುತ್ತದೆ.

ಊಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹಸಿವಿನಿಂದ ಮೂರು ದಿನಕ್ಕೆ ಯಾರೂ ಸಾಯುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. ಗೊತ್ತಿಲ್ಲದ ಕಾಯಿ, ಅಣಬೆ ಮುಟ್ಟಬೇಡಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕನಸಿನಲ್ಲಿ ಬರುತ್ತವೆ, ಬರಲಿ.

ದಿಕ್ಕಿಗೆ ಧ್ರುವ ನಕ್ಷತ್ರ ನಂಬಿಕೊಂಡು ಹೋಗುವವರು ನೆನಪಿಡಿ, ನಮ್ಮ ಕಡೆ ಅದು ನೆಲದಂಚಿನಿಂದ ಬರೀ 16 ಡಿಗ್ರಿ ಮೇಲೆ ಇರುತ್ತದೆ, ಅಂದರೆ ಕೈ ಚಾಚಿ ಹಿಡಿದ ಮುಷ್ಟಿಯ ಒಂದೂವರೆಯಷ್ಟು ಎತ್ತರ. ಘಟ್ಟದಲ್ಲಿ ಒಂದು ಗುಡ್ಡ, ನಾಲ್ಕು ಮರ ಅಡ್ಡ ಬಂದರೆ ಮುಗಿಯಿತು. ಕಂಪಾಸ್ ಜೊತೆಗೆ, ಎಷ್ಟು ದೂರ ಬಂದೆವು ಅಂತ ತಿಳಿಯಲು ಹೆಜ್ಜೆ ಎಣಿಸುವುದು ಕಲಿಯಿರಿ. ಊರ ಮೈದಾನದಲ್ಲಿ ನೂರು ಮೀಟರ್ ಅಳೆದು, ಎಡಗಾಲು ಎಷ್ಟು ಸಲ ಬೀಳುತ್ತದೆ ನೋಡಿ. ಅದನ್ನೇ ಭಾರ ಹೊತ್ತು, ರಾತ್ರಿ, ಏರಿನಲ್ಲಿ ಮತ್ತೆ ಎಣಿಸಿ. ಲೆಕ್ಕ ಬೇರೆಯೇ ಬರುತ್ತದೆ.

ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು. ಒಂದು ಜೊತೆ ಬಟ್ಟೆ, ಒಂದು ಜೊತೆ ಸಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಅದು ಮಲಗಲು ಮಾತ್ರ. ಮಲಗುವಾಗ ಮೈ ಕೆಳಗೆ ಸೊಪ್ಪು ದಪ್ಪಗೆ ಹಾಸಿ, ಯಾಕೆಂದರೆ ಮೈಯ ಬಿಸಿಯನ್ನು ಒದ್ದೆ ನೆಲವೇ ಜಾಸ್ತಿ ಎಳೆಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಒಣ ಬಟ್ಟೆ ಬಿಚ್ಚಿ ಮತ್ತೆ ಚೀಲಕ್ಕೆ ಹಾಕಿ, ನಿನ್ನೆಯ ಹಸಿ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಇದೊಂದು ದಿನ ಒಣದರಲ್ಲೇ ನಡೆಯೋಣ ಅಂದವನು ಆ ರಾತ್ರಿ ನಡುಗುತ್ತಾ ಕೂರುತ್ತಾನೆ, ಮರುದಿನ ಬಿಟ್ಟು ಹೋಗುತ್ತೇನೆ ಅನ್ನುತ್ತಾನೆ. ನಾಲ್ಕು ಗಂಟೆಯ ಕತ್ತಲಲ್ಲಿ ಆ ಒದ್ದೆ ಪ್ಯಾಂಟು ಕಾಲಿಗೆ ಏರಿಸುವಾಗ ಬಾಯಿಂದ ಬರುವ ಮಾತು ಪೇಪರಿನಲ್ಲಿ ಬರೆಯುವಂಥದ್ದಲ್ಲ. ಹತ್ತು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ.