ಮಣ್ಣಲ್ಲಿ ಸಿಕ್ಕ ಸೀಸದ ಗುಂಡು ಯಾವ ಕಾಲದ್ದು? ಪತ್ತೆ ಮಾಡುವುದು ಹೀಗೆ

ಮೆಟಲ್ ಡಿಟೆಕ್ಟರ್ ಸದ್ದು ಮಾಡಿತು, ಅಗೆದಿರಿ, ಮಣ್ಣು ಮೆತ್ತಿದ ಒಂದು ಉಂಡೆ ಸಿಕ್ಕಿತು. ನೋಡಲು ಗೋಲಿಯಷ್ಟೇ ಇದೆ, ಆದರೆ ಅಂಗೈ ಮೇಲೆ ಇಟ್ಟರೆ ಗೋಲಿಗಿಂತ ಎಷ್ಟೋ ಭಾರ. ತಕ್ಷಣ ತೊಳೆದು ಉಜ್ಜಿ ನೋಡೋಣ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಮೊದಲು ಸಿಕ್ಕ ಜಾಗದ ಫೋಟೊ ತೆಗೆಯಿರಿ, ಫೋನಿನಲ್ಲಿ ಜಿಪಿಎಸ್ ನೋಡಿ ಬರೆದುಕೊಳ್ಳಿ, ಎಷ್ಟು ಆಳದಲ್ಲಿತ್ತು ಅನ್ನುವುದನ್ನೂ ಸೇರಿಸಿ. ಗುಂಡಿನ ಅರ್ಧ ಕಥೆ ಅದು ಬಿದ್ದಿದ್ದ ಜಾಗದಲ್ಲೇ ಇರುತ್ತದೆ. ಜಮೀನಿನವರ ಒಪ್ಪಿಗೆ ಇಲ್ಲದೆ ಎಲ್ಲೂ ಅಗೆಯಬೇಡಿ, ಸಂರಕ್ಷಿತ ಸ್ಮಾರಕದ ಜಾಗದಲ್ಲಂತೂ ಬೇಡವೇ ಬೇಡ.

ಈಗ ಅದು ಸೀಸವೇ ಎಂದು ನೋಡಿ. ಹಳೆಯ ಸೀಸದ ಮೇಲೆ ಬೂದು ಇಲ್ಲವೇ ಕೆನೆ ಬಣ್ಣದ ಪದರ ಕೂತಿರುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಅದು ಕಬ್ಬಿಣ. ಮಧ್ಯೆ ತೂತು ಇದ್ದರೆ ಮೀನು ಬಲೆಯ ಭಾರವಿರಬಹುದು. ಕಿತ್ತಳೆ ಹಣ್ಣಿನಷ್ಟು ಅಥವಾ ಅದಕ್ಕಿಂತ ದೊಡ್ಡ ಕಬ್ಬಿಣದ ಉಂಡೆ ಕಂಡರೆ ಮುಟ್ಟಬೇಡಿ. ಒಳಗೆ ಮದ್ದು ತುಂಬಿದ ಫಿರಂಗಿ ಗುಂಡೂ ಆಗಿರಬಹುದು, ಪೊಲೀಸರಿಗೆ ತಿಳಿಸಿ.

ಸೀಸ ಎಂದು ಖಾತ್ರಿಯಾದರೆ ಮೆತ್ತನೆಯ ಬ್ರಷ್, ಬರೀ ನೀರು ಸಾಕು. ವಿನೆಗರ್, ನಿಂಬೆಹಣ್ಣು, ತಂತಿ ಬ್ರಷ್ ಯಾವುದೂ ಬೇಡ. ನಾನು ನನ್ನ ಮೊದಲ ಗುಂಡನ್ನು ಹೊಳೆಯುವ ತನಕ ಉಜ್ಜಿಬಿಟ್ಟೆ, ಅದರ ಮೇಲಿದ್ದ ಗುರುತೆಲ್ಲ ಹೋಯಿತು, ಇವತ್ತಿಗೂ ಬೇಜಾರಿದೆ. ಗುಂಡಿನ ಮೇಲಿನ ಬಿಳಿ ಪುಡಿ ವಿಷ, ಮುಟ್ಟಿದ ಮೇಲೆ ಕೈಗೆ ಸೋಪು ಹಾಕಿ ತೊಳೆಯಿರಿ.

ಮುಂದಿನದು ತೂಕ, ಎಲ್ಲಕ್ಕಿಂತ ಮುಖ್ಯವಾದದ್ದು. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ಗುಂಡು ದುಂಡಗಿದ್ದರೆ ಅಡ್ಡಳತೆ ನೋಡುವ ಕ್ಯಾಲಿಪರ್ ಎಂಬ ಸಾಧನದಲ್ಲಿ ನಾಲ್ಕೈದು ಕಡೆ ಅಳೆಯಿರಿ. ಚಪ್ಪಟೆಯಾಗಿದ್ದರೆ? ಅದಕ್ಕೂ ದಾರಿಯಿದೆ. 1778ರಲ್ಲಿ ಅಮೆರಿಕದ ಮಾನ್‌ಮತ್‌ನಲ್ಲಿ ನಡೆದ ಯುದ್ಧದ ನೆಲದಲ್ಲಿ ಈಚೆಗೆ ಉತ್ಖನನ ಕೆಲಸ ಮಾಡಿದ ಪುರಾತತ್ವಜ್ಞ ಡೇನಿಯಲ್ ಸಿವಿಲಿಚ್ ಒಂದು ಸೂತ್ರ ಕೊಟ್ಟಿದ್ದಾರೆ. ಗ್ರಾಂ ತೂಕದ ಘನಮೂಲ ತೆಗೆದು 5.67ರಿಂದ ಗುಣಿಸಿದರೆ ಗುಂಡಿನ ಮೂಲ ಅಡ್ಡಳತೆ ಮಿಲಿಮೀಟರ್‌ನಲ್ಲಿ ಬರುತ್ತದೆ. 27 ಗ್ರಾಂ ಗುಂಡು ಎಂದುಕೊಳ್ಳಿ, ಘನಮೂಲ 3, ಅಂದರೆ ಸುಮಾರು 17 ಮಿ.ಮೀ. ಚೂರು ಒಡೆದು ಹೋಗಿರುವ ಗುಂಡಿಗೆ ಈ ಲೆಕ್ಕ ಹೊಂದುವುದಿಲ್ಲ.

ಈ ಅಳತೆ ಯಾವ ಕೋವಿಯದು? 37-38 ಗ್ರಾಂ ಇದ್ದರೆ 17ನೇ ಶತಮಾನದ ಭಾರೀ ಮಸ್ಕೆಟ್ (ಬಾಯಿಯಿಂದ ಮದ್ದು ತುಂಬುವ ಉದ್ದ ಕೋವಿ) ನೆನಪಿಸಿಕೊಳ್ಳಿ, ಒಂದು ಪೌಂಡ್ ಸೀಸಕ್ಕೆ 12 ಗುಂಡು ಅನ್ನುವ ಲೆಕ್ಕದ್ದು. 1642ರಲ್ಲಿ ಶುರುವಾದ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಬಳಸಿದ್ದು ಇಂಥದ್ದೇ. 31 ಗ್ರಾಂ ಆಸುಪಾಸು ಇದ್ದರೆ ಬ್ರಿಟಿಷರ ಬ್ರೌನ್ ಬೆಸ್ ಆಗಿರಬಹುದು, 1722ರಿಂದ ನೂರು ವರ್ಷಕ್ಕೂ ಜಾಸ್ತಿ ಓಡಿದ ಕೋವಿ ಅದು. ಅದರ ನಳಿಗೆಯ ಒಳ ಅಗಲ 19 ಮಿ.ಮೀ., ಗುಂಡು ಮಾತ್ರ ಸುಮಾರು 17.5. ಈ ಸಡಿಲ ಬೇಕೆಂದೇ ಇಟ್ಟದ್ದು, ಮದ್ದಿನ ಮಸಿ ಕಟ್ಟಿದ ನಳಿಗೆಯಲ್ಲೂ ಗುಂಡು ಬೇಗ ಇಳಿಯಬೇಕಲ್ಲ. ಫ್ರೆಂಚರ ಕೋವಿಯ ನಳಿಗೆಯೇ 17.5 ಮಿ.ಮೀ., ಗುಂಡು 16ರ ಹತ್ತಿರ, ತೂಕ ಸುಮಾರು 24-26 ಗ್ರಾಂ. 20 ಗ್ರಾಂಗಿಂತ ಕಡಿಮೆಯಿದ್ದರೆ ಪಿಸ್ತೂಲು, ಕುದುರೆ ಸವಾರರ ಗಿಡ್ಡ ಕೋವಿ, ಬೇಟೆ, ಏನೂ ಆಗಿರಬಹುದು.

ಆದರೆ ತೂಕ ಒಂದನ್ನೇ ನಂಬಿ ಇಸವಿ ಹೇಳಬೇಡಿ. ದುಂಡು ಗುಂಡನ್ನು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೇ ರೀತಿ ಎರಕ ಹೊಯ್ದರು. ಚೂಪು ತಲೆ, ತಳದಲ್ಲಿ ಗುಳಿ ಇದ್ದರೆ ಮಾತ್ರ ಧೈರ್ಯವಾಗಿ ಹೇಳಬಹುದು. ಅದು 1849ರಲ್ಲಿ ಫ್ರಾನ್ಸಿನ ಮಿನಿಯೆ ಮಾಡಿದ ಮಾದರಿ, ಅದಕ್ಕಿಂತ ಹಳೆಯದಾಗುವ ಸಾಧ್ಯತೆ ಕಡಿಮೆ.

ಕೊನೆಗೆ ಭೂತಗನ್ನಡಿ ತೆಗೆದುಕೊಳ್ಳಿ, ನನಗೆ ತುಂಬ ಇಷ್ಟವಾದ ಕೆಲಸ ಇದು. ಸುತ್ತ ಒಂದು ಗೆರೆ ಇದ್ದರೆ ಅಚ್ಚಿನ ಎರಡು ಹೋಳು ಕೂಡಿದ ಜಾಗ. ಚಿಕ್ಕದೊಂದು ಚಪ್ಪಟೆ ಕಲೆ, ಸೀಸ ಹೊಯ್ದ ಬಾಯಿಯನ್ನು ಕತ್ತರಿಸಿದ್ದು. ಬಟ್ಟೆಯ ನೇಯ್ಗೆಯಂಥ ಅಚ್ಚು ಕಂಡರೆ ಬಟ್ಟೆ ಸುತ್ತಿ ರೈಫಲ್‌ಗೆ ತುಂಬಿದ ಗುಂಡು. ಹಲ್ಲಿನ ಗುರುತು ಕಂಡರೆ ಗಾಯಾಳು ಸೈನಿಕ ಕಚ್ಚಿದ್ದು ಅಂತಾರೆ, ಆದರೆ ಹೆಚ್ಚಿನವು ಹಂದಿ, ಇಲಿಗಳು ಕಚ್ಚಿದವು.

ಒಂದೇ ಕಡೆ ನಾಲ್ಕೈದು ಗುಂಡು ಸಿಕ್ಕರೆ ನಕಾಶೆಯಲ್ಲಿ ಗುರುತಿಸಿ. ದುಂಡಗೆ ಉಳಿದವು ತುಂಬುವಾಗ ಕೈ ಜಾರಿ ಬಿದ್ದಿರಬಹುದು. ಚಪ್ಪಟೆಯಾದವು ಏನಕ್ಕೋ ಬಡಿದವು. ಎರಡರ ನಡುವೆ ಗೆರೆ ಎಳೆದರೆ ಯಾರು ಎಲ್ಲಿ ನಿಂತು ಯಾವ ಕಡೆ ಹೊಡೆದರು ಎಂಬುದರ ಸುಳಿವು ಸಿಗುತ್ತದೆ. ಪಕ್ಕದಲ್ಲಿ ನಾಣ್ಯ, ಅಂಗಿಯ ಗುಂಡಿ, ಬಕಲ್ ಇದ್ದರೆ ಕಾಲ ಹೇಳುವುದು ಇನ್ನೂ ಸಲೀಸು. ಇಂಥ ಗುಂಪು ಕಂಡರೆ ಅಗೆಯುವುದನ್ನು ನಿಲ್ಲಿಸಿ ಪುರಾತತ್ವ ಇಲಾಖೆಗೆ ಹೇಳಿ.

ಗುಂಡನ್ನು ಮರದ ಪೆಟ್ಟಿಗೆಯಲ್ಲಿ ಇಡಬೇಡಿ, ಮರದಿಂದ ಬರುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಒಂದೊಂದಕ್ಕೂ ಬೇರೆ ಪ್ಲಾಸ್ಟಿಕ್ ಕವರ್, ಒಳಗೆ ಜಾಗ, ಆಳ, ತೂಕ ಬರೆದ ಚೀಟಿ.